ಮಾಂಬಳ್ಳಿಯ ಅಜ್ಜಿಗೆ ಹಾಕಿದ ಬಲೂನು ನಳಿಕೆ

ಹೊಸ ಸಾಮಾನು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಅಲ್ಲಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನಾನು ನರ್ಸು. ಮೂತ್ರ ಕಟ್ಟಿಕೊಂಡು ಬಂದವರಿಗೆ ಕೆಂಪು ರಬ್ಬರಿನ ನಳಿಕೆ ಹಾಕಿ, ಅದು ಜಾರದಂತೆ ತೊಡೆಗೆ ಪ್ಲಾಸ್ಟರ್ ಅಂಟಿಸುತ್ತಿದ್ದೆವು. ಬೆವರಿಗೆ ಪ್ಲಾಸ್ಟರ್ ಬಿಟ್ಟುಕೊಂಡು ನಳಿಕೆ ಹಾಸಿಗೆಗೆ ಬೀಳುತ್ತಿತ್ತು. ಮತ್ತೆ ಹಾಕಬೇಕು, ಮತ್ತೆ ಅವರು ನರಳಬೇಕು. ಆದರೂ ಅದು ನನಗೆ ಗೊತ್ತಿದ್ದ ಸಾಮಾನು, ಅದರ ಕಳ್ಳಾಟವೆಲ್ಲ ನನಗೆ ಬಾಯಿಪಾಠವಾಗಿತ್ತು.

ಹೀಗಿರುವಾಗ ನಮ್ಮ ಡಾಕ್ಟರು ಮದರಾಸಿನಿಂದ ಹೊಸ ನಳಿಕೆ ತಂದರು. ಎರಡು ಬಾಯಿಯದು. ಒಂದರಿಂದ ಮೂತ್ರ ಇಳಿಯುತ್ತದಂತೆ. ಇನ್ನೊಂದಕ್ಕೆ ಸಿರಿಂಜಿನಿಂದ ನೀರು ಬಿಟ್ಟರೆ, ಒಳಗಿನ ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಬಲೂನು ಉಬ್ಬಿಕೊಂಡು ನಳಿಕೆಯನ್ನು ಜಾರಗೊಡುವುದಿಲ್ಲವಂತೆ. “ಇನ್ಮೇಲೆ ಪ್ಲಾಸ್ಟರೇ ಬೇಡಮ್ಮಾ” ಎಂದು ನಕ್ಕರು. ನಾನು ನಗಲಿಲ್ಲ. ಹೊಟ್ಟೆಯೊಳಗೆ ಬಲೂನು ಒಡೆದರೆ ಯಾರು ಹೊಣೆ? ಕುದಿಸಿ ಕುದಿಸಿ ರಬ್ಬರು ಸಡಿಲವಾದರೆ? ಅವರು ಅತ್ತ ಹೋದ ಮೇಲೆ ತಟ್ಟೆಯಲ್ಲಿಟ್ಟು ಮೂರು ಸಲ ಉಬ್ಬಿಸಿದೆ, ಇಳಿಸಿದೆ, ಬಿಟ್ಟ ನೀರಷ್ಟೂ ವಾಪಸು ಬಂತೇ ಎಂದು ಅಳೆದೆ. ಬಂತು. ನಂಬಿಕೆ ಮಾತ್ರ ಬರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಮಾಂಬಳ್ಳಿಯಿಂದ ಒಬ್ಬ ಅಜ್ಜಿಯನ್ನು ಅವರ ಸೊಸೆ ಎತ್ತಿನ ಗಾಡಿಯಲ್ಲಿ ಕರೆತಂದಳು. ಗದ್ದೆಯಿದ್ದ ಶಿವಭಕ್ತರ ಮನೆಯವರು. ಅಜ್ಜಿಯ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಗರ್ಭಕೋಶ ಜಾರಿ ಮೂತ್ರ ಕಟ್ಟಿಕೊಂಡು, ಹೊಟ್ಟೆ ಕಲ್ಲಾಗಿ, ಮುಖ ಊದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಚೆನ್ನಾಗಿ ನೀರು ಕುಡಿದು ಮೂತ್ರ ಧಾರಾಳವಾಗಿ ಇಳಿದರೆ ಆಪರೇಷನ್ನಿಗೆ ಕಳಿಸಬಹುದು, ನಿಂತುಹೋದರೆ ಅಜ್ಜಿ ಉಳಿಯುವುದಿಲ್ಲ.

ಹೊಸ ನಳಿಕೆಯನ್ನೇ ಹಾಕಿ ಎಂದರು. ಹಾಕಿದೆ. ಸುಲಭವಾಗಿಯೇ ಹೋಯಿತು, ಅದೂ ನನಗೆ ಅನುಮಾನವೇ. ನಳಿಕೆಯ ಕೆಳಗಿಟ್ಟ ಸೀಸೆ ಎರಡು ಸಲ ತುಂಬಿತು. “ಅಪ್ಪಾ ಸಿವ್ನೇ, ಪ್ರಾಣ ಬಂದಂಗಾಯ್ತು” ಎಂದು ಅಜ್ಜಿ ಕಣ್ಣು ಮುಚ್ಚಿದರು.

ಮಂಗಳವಾರ ಮಧ್ಯಾಹ್ನ ನೋಡಿದರೆ ಸೀಸೆಯ ತಳದಲ್ಲಿ ಎರಡು ಬೆರಳು ಕೂಡ ಇಲ್ಲ. ನನಗೆ ಗೊತ್ತಿತ್ತು, ಈ ಬಲೂನು ಕೈಕೊಡುತ್ತದೆ ಎಂದು. ಸಿರಿಂಜಿನಿಂದ ನಳಿಕೆ ತೊಳೆದೆ. ಅಜ್ಜಿ ಮಂಚದ ಸರಳು ಹಿಡಿದು ಹಲ್ಲು ಕಚ್ಚಿದರು. ಬಿಟ್ಟ ನೀರು ಸಲೀಸಾಗಿ ಹೋಯಿತು, ಸಲೀಸಾಗಿ ಬಂತು. ಬಲೂನಿನ ನೀರು ಎಳೆದು ಅಳೆದೆ, ಸರಿಯಿತ್ತು, ಮತ್ತೆ ತುಂಬಿದೆ. ನಳಿಕೆಯ ತಪ್ಪಿಲ್ಲವೆಂದರೆ ಯಾರದೋ ಕೈವಾಡ ಇರಲೇಬೇಕು.

ಸೊಸೆಯ ಕಡೆ ತಿರುಗಿದೆ. ಅವಳು ನನಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

“ನೀರು ಕುಡಿಸಿದೆಯಾ?”

“ಲೋಟ ಖಾಲಿ ಅದೆ ನೋಡ್ರವ್ವ” ಎಂದು ನೆಲ ನೋಡಿದಳು.

ಲೋಟ ಖಾಲಿಯೇ ಇತ್ತು. ಹಾಗಾದರೆ ಕುಡಿದ ನೀರು ಎಲ್ಲಿ ಹೋಯಿತು? ನಳಿಕೆ ಮಡಿಸಿ ಹಿಡಿಯುತ್ತಾಳೋ, ಸೀಸೆ ಬಗ್ಗಿಸುತ್ತಾಳೋ, ಅತ್ತೆಯ ಮೇಲೆ ಯಾವ ಹಳೆಯ ಸಿಟ್ಟಿದೆಯೋ ಯಾರು ಕಂಡರು? “ನೀನು ಇಲ್ಲಿರಬೇಡ, ಗೇಟಿನ ಹತ್ತಿರ ಮರದ ಕೆಳಗೆ ಕೂತಿರು” ಎಂದು ಕಳಿಸಿಬಿಟ್ಟೆ. ಅಜ್ಜಿ ಏನೋ ಹೇಳಲು ಕೈಯೆತ್ತಿದರು, ಮತ್ತೆ ಇಳಿಸಿದರು. ಅವರಿಗೂ ಸೊಸೆ ತೊಲಗಿದ್ದು ನೆಮ್ಮದಿಯಾಗಿರಬೇಕು ಎಂದುಕೊಂಡೆ. ನೀರು ಕೊಡುವ ಕೆಲಸ ಆಯಾಗೆ ವಹಿಸಿದೆ.

ಬುಧವಾರ ಬೆಳಿಗ್ಗೆ ಸೀಸೆ ಇನ್ನೂ ಬತ್ತಿತ್ತು. ಇದ್ದ ಸ್ವಲ್ಪವೂ ಕಷಾಯದ ಬಣ್ಣ. “ನಿಮ್ಮ ಬಲೂನು ಕಿತ್ತು ಹಳೇದು ಹಾಕ್ತೀನಿ” ಎಂದು ಡಾಕ್ಟರಿಗೆ ನೇರವಾಗಿಯೇ ಹೇಳಿದೆ. ಮಧ್ಯಾಹ್ನದವರೆಗೆ ನೋಡೋಣ ಎಂದರು. ಅವರ ಮುಖವೂ ಸಪ್ಪಗಿತ್ತು.

ಹನ್ನೊಂದರ ಹೊತ್ತಿಗೆ ಒಗೆದ ಬಟ್ಟೆ ಹರವಲು ವಾರ್ಡಿನ ಹಿಂದಕ್ಕೆ ಹೋದೆ. ಗೋಡೆಯುದ್ದಕ್ಕೂ ನೀರು ಇಳಿದು ಕೆಳಗೆ ಕೆಸರಾಗಿತ್ತು. ತಲೆಯೆತ್ತುವಾಗಲೇ ಕಿಟಕಿಯ ಸರಳಿನಿಂದ ಒಂದು ಕೈ ಹೊರಗೆ ಬಂದು ಲೋಟ ಬಗ್ಗಿಸಿತು. ಅಜ್ಜಿಯ ಕೈ. ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ನುಗ್ಗಿ ಕೇಳಿದೆ. “ಏನಜ್ಜಿ ಇದು? ಸಾಯಬೇಕು ಅಂತಲೇ ಬಂದಿದ್ದೀರಾ?”

“ಪೂಜೆ ಮಾಡ್ದೆ ಎಂಗವ್ವಾ ನೀರ್ ಕುಡೀಲಿ? ಲಿಂಗ ಕಟ್ದಾಗಿಂದ ಒಂದಿನ್ವೂ ಅಂಗೆ ಬಾಯಿಗೆ ನೀರ್ ಬಿಟ್ಟೋಳಲ್ಲ.”

“ಪೂಜೆ ಮಾಡಬೇಡಿ ಅಂದವರು ಯಾರು?”

“ಉಚ್ಚೆ ಇಳೀತಾನೇ ಅದೆ, ಮಗ್ಗುಲಲ್ಲೇ ಸೀಸೆ ಅದೆ. ಈ ಮೈಲ್ಗೆ ಮೈಯಲ್ಲಿ ಲಿಂಗವ ಅಂಗೈಗೆ ಎಂಗ್ ತಕಳ್ಳಿ?” ನಾಲಿಗೆ ಒಣಗಿ ಮಾತು ತಡೆತಡೆದು ಬರುತ್ತಿತ್ತು. “ನನ್ ಸೊಸ್ಯ ಬಯ್ಬೇಡ ಕಣವ್ವ. ನೀರ ಚೆಲ್ಲು, ಯಾರ್ಗೂ ಏಳ್ಬೇಡ ಅಂತ ನಾನೇ ಆಣೆ ಆಕಿದ್ದೆ.”

ಸೋಮವಾರ ಮನೆಯಲ್ಲಿ ಪೂಜೆ ಮುಗಿಸಿ ಕುಡಿದ ನೀರೇ ಕೊನೆಯದು. ಎರಡು ದಿನದಿಂದ ನೀರಿಲ್ಲದೆ ಒಣಗುತ್ತಿದ್ದ ಆ ಮೈಯನ್ನು ನಾನು ಸಿರಿಂಜು ಹಿಡಿದು ತಿವಿದಿದ್ದೆ. ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಬುದ್ಧಿ ಹೇಳಿದರೆ ಕೇಳುವ ಅಜ್ಜಿಯಲ್ಲ. ಡಾಕ್ಟರನ್ನು ಕೇಳಿದೆ, ಅರ್ಧ ಗಂಟೆ ನಳಿಕೆಯನ್ನು ಚಿಮುಟದಿಂದ ಬಿಗಿಹಿಡಿದು ಸೀಸೆ ಹೊರಗಿಡಬಹುದೇ ಎಂದು. ಹಳೆಯ ನಳಿಕೆಯಾಗಿದ್ದರೆ ಬಿಗಿದಾಗ ಪಕ್ಕದಿಂದ ಒಸರುತ್ತಿತ್ತು, ಕೂತರೆ ಜಾರುತ್ತಿತ್ತು. ಬಲೂನು ತಡೆಯುತ್ತದೆ ಎಂದರು ಅವರು.

“ಒಂದ್ ತೊಟ್ಟೂ ಬೀಳಕಿಲ್ವಾ?” ಎಂದರು ಅಜ್ಜಿ.

“ಬೀಳಲ್ಲ” ಎಂದೆ, ನನಗೇ ನಂಬಿಕೆಯಿಲ್ಲದೆ.

ಗೇಟಿನಿಂದ ಸೊಸೆಯನ್ನು ಕರೆಸಿದೆ. ಅವಳು ಅತ್ತೆಯ ಮೈಯೊರೆಸಿ, ಮಡಿಸೀರೆ ಉಡಿಸಿ, ವಿಭೂತಿ ಎದುರಿಗಿಟ್ಟಳು. ಮಂಚದ ಮೇಲೆ ಒಣಗಿದ ಬಿಳಿ ಬಟ್ಟೆ ಹಾಸಿ ಕೂರಿಸಿದೆವು. ಚಿಮುಟ ಬಿಗಿದು ನಾನು ಪರದೆಯ ಹಿಂದೆ ನಿಂತೆ. ಅಜ್ಜಿ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತಷ್ಟು ಹೊತ್ತೂ ನಾನು ಆ ರಬ್ಬರಿನ ತುಂಡಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಮುಗಿದ ಮೇಲೆ ಅವರು ಬಟ್ಟೆಯನ್ನು ಎರಡು ಸಲ ಮುಟ್ಟಿ ನೋಡಿದರು. ಅನುಮಾನದಲ್ಲಿ ನನ್ನನ್ನೂ ಮೀರಿಸಿದವರು. ಬಟ್ಟೆ ಒಣಗಿಯೇ ಇತ್ತು. ಸೊಸೆ ಲೋಟ ಹಿಡಿದಳು. ಒಂದು ಲೋಟ, ಎರಡು, ಮೂರನೆಯದನ್ನು ಉಸಿರು ತೆಗೆಯದೆ ಕುಡಿದರು.

ಸಂಜೆಯ ಹೊತ್ತಿಗೆ ಸೀಸೆಯಲ್ಲಿ ಗೇಣುದ್ದ ತಿಳಿ ಮೂತ್ರವಿತ್ತು. ಅಜ್ಜಿ ಉಳಿಯುತ್ತಾರೆ ಎಂದರು ಡಾಕ್ಟರು, ಉಳಿದರು ಕೂಡ.

ಅಂದು ಸಂಜೆಯೇ ಸೊಸೆಯನ್ನು ಜಗಲಿಗೆ ಕರೆದೆ. “ನಿನ್ನ ಮೇಲೆ ಸುಮ್ಮಸುಮ್ಮನೆ ಅನುಮಾನ ಪಟ್ಟೆ ಕಣಮ್ಮ, ತಪ್ಪಾಯಿತು” ಎಂದೆ.

ಒದ್ದೆ ಸೀರೆ ಹಿಂಡುತ್ತಿದ್ದವಳು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

“ನನ್ ಮ್ಯಾಲೆ ಪಟ್ರೆ ಪಟ್ಕಳಿ, ಓಗ್ಲಿ. ನಳಿಕೆ ಅಳುದ್ರಿ, ಸೀಸೆ ಅಳುದ್ರಿ. ಬಾಯಾರ್ಕೆ ಆಯ್ತಾ ಅದಾ ಅಂತ ನಮ್ಮತ್ಯವ್ವನ್ನ ಒಂದ್ಸಲನಾದ್ರೂ ಕೇಳುದ್ರಾ?”

ಕೇಳಿರಲಿಲ್ಲ.