ಸದ್ದಿಲ್ಲದ ಬಿಡಾರ

ವಾರ್ಡನ್ನಮ್ಮನ ಆಳ್ವಿಕೆ ಶುರುವಾದ ಮೇಲೆ ಆ ಹುಡುಗಿಯರ ಹಾಸ್ಟೆಲಿನಲ್ಲಿ ಇಲಿಗಳೂ ಅಪ್ಪಣೆ ಕೇಳಿಯೇ ಓಡಾಡುತ್ತಿದ್ದವು ಎಂಬ ಪ್ರತೀತಿಯಿತ್ತು. ಆಕೆಯ ಆಯುಧ ಕಣ್ಣಲ್ಲ, ಕಿವಿ. ಮೇಲಿನ ಮಹಡಿಯಲ್ಲಿ ಬಕೆಟ್ಟು ಸರಿದರೆ ಕೆಳಗೆ ಕುರ್ಚಿಯಲ್ಲಿ ಕೂತೇ ಅದು ಯಾರ ಬಕೆಟ್ಟೆಂದು ಹೇಳುತ್ತಿದ್ದರು. ಸದ್ದಿದ್ದಲ್ಲಿ ತಂಟೆ, ಸದ್ದಿಲ್ಲದಲ್ಲಿ ಓದು. ಆ ಸಾಮ್ರಾಜ್ಯದ ರಾಜನೀತಿ ಇಷ್ಟೇ.

ಇಂಥ ಚಕ್ರವರ್ತಿನಿಯನ್ನು ಆಸ್ಪತ್ರೆಗೆ ಎಳೆದೊಯ್ದ ಕೀರ್ತಿ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ನಾದಿನಿಯದು. ಏನೂ ಆಗದಿದ್ದರೂ ಹೆಂಗಸರು ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ತಾನೂ ಹೋದಳು, ಅತ್ತಿಗೆಯನ್ನೂ ಬಿಡಲಿಲ್ಲ. ಅವಳದು ಸರಿಯಾಗಿಯೇ ಇತ್ತು. ಅತ್ತಿಗೆಯನ್ನು ಮಾತ್ರ ಮತ್ತೆ ಕರೆಸಿ, ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷಿಸಿದ ಡಾಕ್ಟರಮ್ಮ, ಅಲ್ಲೊಂದು ಕಡೆ ಜೀವಕೋಶಗಳು ಕೆಟ್ಟಿವೆ ಎಂದರು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಮುಂದೆಂದಾದರೂ ಆಗಬಹುದು. ಈಗಲೇ ತೆಗೆದರೆ ಅದೇ ದಿನ ಮನೆಗೆ ಹೋಗಬಹುದು.

ವಾರ್ಡನ್ನಮ್ಮ ನಕ್ಕರು. ನೋವಿಲ್ಲ, ಜ್ವರವಿಲ್ಲ. ತನಗೆ ತಿಳಿಯದಂತೆ ತನ್ನ ಮೈಯೊಳಗೆ ಯಾರಾದರೂ ಬಿಡಾರ ಹೂಡುವುದೆಂದರೇನು? ರಜೆ ಬರಲಿ, ಆಮೇಲೆ ನೋಡೋಣ ಎಂದು ಚೀಲ ಎತ್ತಿಕೊಂಡರು. ನಾದಿನಿಯ ಮುಖ ಸಪ್ಪಗಾಯಿತು. ಅತ್ತಿಗೆಯ 'ಆಮೇಲೆ'ಯನ್ನು ನಂಬಿಕೊಂಡು ಅಡುಗೆಮನೆಯ ನಲ್ಲಿ ಎಷ್ಟೋ ವರ್ಷದಿಂದ ಸೋರುತ್ತಲೇ ಇತ್ತು.

"ನಿಮ್ಮ ಮೈ ಕಾಯೋರಿಗೆ ಎಚ್ಚರಾನೇ ಆಗ್ಲಿಲ್ಲ, ಅಮ್ಮ," ಎಂದರು ಡಾಕ್ಟರು. "ಯಾಕಂದ್ರೆ ಸದ್ದೇ ಆಗ್ಲಿಲ್ಲ."

ಚೀಲ ಮತ್ತೆ ಕೆಳಗಿಳಿಯಿತು.

ಇದೊಂದು ವೈರಸ್ಸಿನ ಕೆಲಸ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದು ಬಹಳ ಜನಕ್ಕೆ ತಗಲುತ್ತದೆ, ಹೆಚ್ಚಿನವರ ಮೈಯೇ ಅದನ್ನು ಕುತ್ತಿಗೆ ಹಿಡಿದು ಹೊರದಬ್ಬುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಹೊಕ್ಕ ಜೀವಕೋಶವನ್ನು ಒಡೆಯುವುದೂ ಇಲ್ಲ. ಹೊರಪದರದಲ್ಲೇ ತೆಪ್ಪಗಿದ್ದು, ಆ ಕೋಶ ಮುದಿಯಾಗಿ ಉದುರುವಾಗ ತಾನೂ ಅದರ ಜೊತೆ ಹೊರಬೀಳುತ್ತದೆ. ಏನೂ ಒಡೆಯದಿದ್ದ ಮೇಲೆ ಊತ ಎಲ್ಲಿಂದ ಬರಬೇಕು? ಕೋಶ ಕೂಗಿಕೊಳ್ಳಲು ಹೋದರೆ ಅದರ ಬಾಯಿಯನ್ನೂ ಮುಚ್ಚುತ್ತದೆ.

"ಅಂದ್ರೆ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಂದಿದೆ," ಎಂದರು ವಾರ್ಡನ್ನಮ್ಮ, ನಿಧಾನವಾಗಿ.

"ಹೂಂ. ಅಷ್ಟೇ ಅಲ್ಲ. ಒಳಗೆ ಏನಿದೆ ಅಂತ ಪ್ರತಿ ಕೋಶನೂ ಒಂದು ಚೂರನ್ನ ಬಾಗಿಲಿಗೆ ಬೋರ್ಡಿನ ಥರ ನೇತುಹಾಕಿರುತ್ತೆ, ಕಾವಲಿನೋರು ನೋಡ್ಲಿ ಅಂತ. ಇದು ಆ ಬೋರ್ಡನ್ನೇ ಒಳಗೆಳ್ಕೊಂಡಿದೆ."

"ಕಾವಲಿನೋನು ಬಾಗಿಲು ತಟ್ಟಿ ನೋಡ್ಬೇಕಪ್ಪ."

"ತಟ್ಟೋಕೆ ಬಂದೋನಿಗೆ ಏನೂ ಇಲ್ಲ, ನೀನು ಮಲಕ್ಕೋ ಅಂತ ಜೋಗುಳ ಹಾಡುತ್ತೆ."

ವಾರ್ಡನ್ನಮ್ಮನ ಮುಖ ಕೆಂಪಾಯಿತು. ರೋಗಕ್ಕೆ ಹೆದರುವ ಹೆಣ್ಣಲ್ಲ ಆಕೆ. ಇದು ವೃತ್ತಿಗೇ ಆದ ಅವಮಾನ. ಸದ್ದಿಲ್ಲವೆಂಬ ಒಂದೇ ಕಾರಣಕ್ಕೆ ಎಷ್ಟು ಕೋಣೆಗಳಿಗೆ ಶಿಸ್ತಿನ ಬಹುಮಾನ ಕೊಟ್ಟಿಲ್ಲ! ಪ್ರತಿ ಭಾನುವಾರ ಮಧ್ಯಾಹ್ನ ಆ ಶಿಸ್ತಿನ ಕೋಣೆಯವರೆಲ್ಲ ಸ್ಟೋರ್‌ರೂಮಿನ ಕಿಟಕಿ ಹಾರಿ ಸಿನಿಮಾಗೆ ಹೋಗುವುದನ್ನು ಬಲ್ಲ ನಾದಿನಿ ಗೋಡೆಯ ಕಡೆ ತಿರುಗಿ ಕೆಮ್ಮಿದಳು.

"ಇದರಪ್ಪನ್ನ ಕರೆಸೋಕಾಗಲ್ವಾ?" ಅಭ್ಯಾಸಬಲದಿಂದ ವಾರ್ಡನ್ನಮ್ಮನ ಬಾಯಿ ಜಾರಿತು. ಕೂಡಲೇ ಸಾವರಿಸಿಕೊಂಡು, "ಯಾವತ್ತು ತೆಗೀತೀರಿ?" ಎಂದರು.

ಮುಂದಿನ ವಾರ ಎಂದರು ಡಾಕ್ಟರು. ನಾಳೆಯೇ ಆಗದೇ ಎಂದು ವಾರ್ಡನ್ನಮ್ಮ ಚೌಕಾಸಿಗಿಳಿದರು.

ತೆಗೆಯುವ ದಿನ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕಾದ ತಂತಿಯ ಕುಣಿಕೆಯಲ್ಲಿ ಡಾಕ್ಟರು ಕೆಟ್ಟ ಭಾಗವನ್ನು ಎತ್ತುತ್ತಿದ್ದರೆ, ಮಲಗಿದ್ದ ಮಹಾರಾಣಿ ಅಲ್ಲಿಂದಲೇ ದಾಳಿಯ ಮೇಲ್ವಿಚಾರಣೆ ನಡೆಸಿದರು. ಎಲ್ಲರೂ ಸಿಕ್ಕಿಬಿದ್ದರೋ, ಮೂಲೆಯಲ್ಲಿ ಬಗ್ಗಿ ನೋಡಿದಿರೋ ಎಂದು ಆಕೆ ಕೇಳುತ್ತಲೇ ಇದ್ದುದಕ್ಕೆ, ಡಾಕ್ಟರ ಕೈ ನಗುವಿನಿಂದ ನಡುಗೀತೆಂದು ನರ್ಸು ಗದರಬೇಕಾಯಿತು. ಅಂಚೆಲ್ಲ ಶುದ್ಧವಾಗಿದೆ, ಆದರೂ ಆಗಾಗ ಬಂದು ತೋರಿಸಿಕೊಳ್ಳಬೇಕು ಎಂದು ಕೆಲವು ದಿನಗಳ ನಂತರ ವರದಿ ಬಂತು. ನಾದಿನಿ ಅಂದು ಪೂರ್ತಿ ಗುನುಗುತ್ತಲೇ ಅಡುಗೆ ಮಾಡಿದಳು.

ಮರುದಿನವೇ ಅಡುಗೆಯವರು, ಕಸ ಗುಡಿಸುವವರು, ಆಫೀಸಿನವರು ಎಲ್ಲ ಹೆಂಗಸರೂ ಆಸ್ಪತ್ರೆಗೆ ಹೊರಡಲು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. "ನಂಗೇನೂ ಆಗಿಲ್ಲ, ಆರಾಮಾಗೇ ಇದ್ದೀನಿ" ಎಂದವಳನ್ನು ವಾರ್ಡನ್ನಮ್ಮ ರಟ್ಟೆ ಹಿಡಿದು ತಂದು ಸಾಲಿನ ಮುಂದೆ ನಿಲ್ಲಿಸಿದರು.