ಪ್ಲಾಸ್ಟಿಕ್ ವೈರ್ ಕುರ್ಚಿಯ ಅಧ್ಯಕ್ಷರು

ನಮ್ಮ ಪಕ್ಕದ ಮನೆಯ ಸರಸ್ವತಮ್ಮನಿಗೆ ಹಿಂದೂಪುರದಲ್ಲಿ ಯಾರೂ ಯಾವತ್ತೂ ಓಟು ಹಾಕಿದ್ದಿಲ್ಲ. ಆದರೂ ಆಕೆ ಅಧ್ಯಕ್ಷರು. ಭಾನುವಾರ ಮುದ್ದೆ ಊಟ ಮುಗಿದ ಮೇಲೆ ಅವರ ಪಡಸಾಲೆಯಲ್ಲಿ ಸಭೆ ಸೇರುತ್ತದೆ. ನಗುವವರು ನಗಲಿ, ಅಲ್ಲಿ ಕುರ್ಚಿಗಿರುವ ಮರ್ಯಾದೆಯನ್ನು ನಾನಂತೂ ಟಿವಿಯ ವಿಧಾನಸಭೆಯಲ್ಲೂ ಕಂಡಿಲ್ಲ.

ಆಕೆಗೆ ಇಬ್ಬರು ಗಂಡುಮಕ್ಕಳು, ಮುರಳೀಕೃಷ್ಣ ಮತ್ತು ಆನಂದಕುಮಾರ್. ಇಬ್ಬರೂ ನೇಯುವವರು, ಒಂದೇ ಸೂರು, ಒಂದೇ ಒಲೆ. ಅಪ್ಪ ಪೆದ್ದಪ್ಪನವರು ತೀರಿಕೊಂಡ ಮೇಲೆ ಕಿಟಕಿ ಪಕ್ಕದ ಮಗ್ಗ ಯಾರಿಗೆ ಎಂದು ಜಗಳವಾಯಿತು. ತಿಥಿಯ ಎಲೆ ಮುಂದೆಯೇ ಇಬ್ಬರೂ ಇನ್ನು ಮಾತಾಡುವುದಿಲ್ಲವೆಂದು ಆಣೆ ಇಟ್ಟರು. ಅಂದಿನಿಂದ ಆ ಮಗ್ಗವೂ ಖಾಲಿ. ತಮ್ಮನ ಮುಂದಿರುವ ಉಪ್ಪು ಅಣ್ಣನಿಗೆ ಬೇಕಾದರೆ, ತಮ್ಮನ ಹೆಂಡತಿ ಬನಶ್ರೀ ಅಡುಗೆಮನೆಯಿಂದ ಎದ್ದು ಬಂದು ಅತ್ತಿಂದಿತ್ತ ಸರಿಸಬೇಕು.

"ಇಬ್ರೂ ಒಂದ್ಸಲ ಮಾತಾಡಿದ್ದು ಕಿವಿಗೆ ಬಿದ್ರೆ ಸಾಕು ಕಣಮ್ಮ, ಆಮೇಲೆ ನೆಮ್ಮದಿಯಾಗಿ ಹೋಯ್ತೀನಿ," ಎಂದು ಸರಸ್ವತಮ್ಮ ನನ್ನ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ದಿನ ನಾನೂ ಆಕೆಯೂ ಅವರೆಕಾಯಿ ಸುಲಿಯುತ್ತಾ ಟಿವಿಯಲ್ಲಿ ಯಾವುದೋ ವಿಧಾನಸಭೆ ನೋಡುತ್ತಿದ್ದೆವು. ಎದುರುಬದುರು ಕೂತು ಕೆಂಡ ಕಾರುತ್ತಿದ್ದವರು ಕೂಡ ಮುಖವನ್ನು ಮಾತ್ರ ಎತ್ತರದ ಪೀಠದ ಕಡೆ ತಿರುಗಿಸಿ "ಅಧ್ಯಕ್ಷಾ, ಅಧ್ಯಕ್ಷಾ" ಎನ್ನುತ್ತಿದ್ದರು. ಸರಸ್ವತಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ನೋಡ್ದಾ? ಒಬ್ರಿಗೊಬ್ರು ಮಾತೇ ಆಡಾಕಿಲ್ಲ. ಏನಿದ್ರೂ ಅಧ್ಯಕ್ಷರಿಗೇ ಹೇಳ್ತಾರೆ. ಹಂಗಾದ್ರೆ ಆಣೆ ಮುರಿಯಾಕಿಲ್ವಲ್ಲಾ!"

ಮುಂದಿನ ಭಾನುವಾರವೇ ಪೆದ್ದಪ್ಪನವರ ಹಳೆಯ ಪ್ಲಾಸ್ಟಿಕ್ ವೈರ್ ಕುರ್ಚಿಯನ್ನು ತೊಳೆದು, ಬೆನ್ನಿಗೆ ಹೊಸ ಟವೆಲ್ ಹೊದಿಸಿ, ಆಕೆ ಕೂತೇಬಿಟ್ಟರು. ಮಾತೆಲ್ಲ ಕುರ್ಚಿಗೇ ಹೇಳಬೇಕು. ಹೆಸರು ಹಿಡಿಯಬಾರದು, "ಗೌರವ ಸದಸ್ಯರು" ಎನ್ನಬೇಕು. ಅಧ್ಯಕ್ಷರು ಎದ್ದು ನಿಂತರೆ ಎಲ್ಲರೂ ಬಾಯಿ ಮುಚ್ಚಿ ಕೂರಬೇಕು. ಮಕ್ಕಳು ಮೊದಲು ನಕ್ಕರು. ಆದರೆ ವರ್ಷಗಟ್ಟಲೆ ಬೈಯದೆ ಉಳಿದ ಬೈಗುಳ ಇಬ್ಬರ ಹೊಟ್ಟೆಯಲ್ಲೂ ಇತ್ತು, ಒಪ್ಪಿಕೊಂಡರು.

"ಅಧ್ಯಕ್ಷಾ, ಗೌರವ ಸದಸ್ಯರು ನನ್ ಟವೆಲ್‌ನಾಗೆ ಸ್ಕೂಟರ್ ಒರೆಸ್ತಾರೆ!" ಎಂದ ಅಣ್ಣ.

"ಅಧ್ಯಕ್ಷಾ, ಅದರಾಗೆ ಗೌರವ ಸದಸ್ಯರು ಮುಖ ಒರೆಸ್ಕಂಡ ಮೇಲೆ ಸ್ಕೂಟರೇ ಬೇಜಾರು ಮಾಡ್ಕಂತು!"

ಒಂದು ಸಲ "ಕತ್ತೆ" ಎಂಬ ಮಾತು ಬಂತು. ಅಧ್ಯಕ್ಷರು ಅದನ್ನು ಕಡತದಿಂದ ತೆಗೆಸಿದರು. ಕಡತ ಎಲ್ಲಿದೆ? ಮುರಳಿಯ ಮಗಳು ಕೀರ್ತನಾ ಗಾಳಿಯಲ್ಲೇ ಕೈಯಾಡಿಸಿ ಅಳಿಸಿದಳು. ಜಗಲಿಯಲ್ಲಿದ್ದ ನಾನು ಕಿಸಕ್ಕೆಂದೆ. ಪ್ರೇಕ್ಷಕರು ನಗಬಾರದೆಂದು ನನ್ನನ್ನೇ ಹೊರಹಾಕಿದರು. ನನಗೆ ಎರಡು ದಿನ ಸಿಟ್ಟಿತ್ತು.

ಆಕೆಗೆ ಮಂಡಿನೋವು, ಏಳುವುದೆಂದರೆ ಪ್ರಾಣಸಂಕಟ. ಜಗಳ ಜೋರಾದಾಗ ಕುರ್ಚಿಯ ಕೈ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದರೆ ಸಾಕು, ಇಬ್ಬರೂ ದೊಪ್ಪನೆ ನೆಲಕ್ಕೆ ಕೂರುತ್ತಿದ್ದರು. ಅದು ಪೀಠಕ್ಕೆ ಕೊಟ್ಟ ಮರ್ಯಾದೆಯೋ, ಮಂಡಿಗೆ ಕೊಟ್ಟದ್ದೋ ನನಗೆ ತಿಳಿಯದು.

ಕೊನೆಗೆ ಮಗ್ಗದ ವಿಷಯ ಬಂತು. ಚಿಕ್ಕವನೆಂದರೆ ಆಕೆಗೆ ಪ್ರಾಣ ಎಂದು ಬೀದಿಗೆಲ್ಲಾ ಗೊತ್ತು. ಆದರೂ ದೊಡ್ಡವನಿಗೆ ಕಣ್ಣು ಮಂದ, ಬೆಳಕು ಅವನಿಗೇ ಬೇಕು ಎಂದು ಅಧ್ಯಕ್ಷರು ಹೇಳಿಬಿಟ್ಟರು. ಸಂಜೆ ಅಡುಗೆಮನೆಯಲ್ಲಿ ಆನಂದನ ತಟ್ಟೆಗೆ ತುಪ್ಪ ಸುರಿಯುತ್ತಾ ಆಕೆ ಬಿಕ್ಕಿದರು.

"ಆ ಅಧ್ಯಕ್ಷರು ಬಲು ಕೆಟ್ಟೋಳು ಕಣಪ್ಪ."

"ಬಿಡಮ್ಮ," ಎಂದ ಆನಂದ. "ಕುರ್ಚೀಲಿರೋರ್ನ ಹಂಗೆಲ್ಲಾ ಅನ್ನಬಾರ್ದು."

ಇಷ್ಟಾದರೂ ನೇರ ಮಾತು ಹುಟ್ಟಲಿಲ್ಲ. ಅಷ್ಟರಲ್ಲಿ ಕೀರ್ತನಾಳಿಗೆ ಕಲ್ಯಾಣದುರ್ಗದಿಂದ ಸಂಬಂಧ ಬಂತು. ಹುಡುಗನ ಅಪ್ಪ ಕೊಂಡಪ್ಪನವರದು ಅಲ್ಲಿ ಬಟ್ಟೆ ಅಂಗಡಿ. ಅಣ್ಣತಮ್ಮ ಮಾತಾಡದ ಮನೆಯ ಹೆಣ್ಣು ಬೇಡ, ಒಂದು ಸಲ ನೋಡಿಯೇ ತೀರ್ಮಾನಿಸುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವರು ಬಂದ ದಿನವೇ ಸರಸ್ವತಮ್ಮನಿಗೆ ಜ್ವರ. ಒಳಕೋಣೆಯಲ್ಲಿ ಮಲಗಿದ್ದರು, ನಾನು ಪಕ್ಕದಲ್ಲಿದ್ದೆ. ಬಾಗಿಲಿನಿಂದ ಪಡಸಾಲೆ ಪೂರ್ತಿ ಕಾಣುತ್ತಿತ್ತು.

ಕೊಂಡಪ್ಪ ಒಳಗೆ ಬಂದವರೇ ಟವೆಲ್ ಹೊದಿಸಿದ ಖಾಲಿ ಕುರ್ಚಿಯ ಕಡೆ ನಡೆದರು. ಬೀಗರಾಗುವವರು, ಒಳ್ಳೆಯ ಕುರ್ಚಿ ಹುಡುಕಿದ್ದರಲ್ಲಿ ತಪ್ಪೇನು?

"ಕೂರ್ಚೋಕಂಡಿ!" ಕೂರಬೇಡಿ ಎಂದು ಅಣ್ಣತಮ್ಮ ಒಟ್ಟಿಗೇ ತೆಲುಗಿನಲ್ಲಿ ಅರಚಿದರು.

ಕೊಂಡಪ್ಪ ಅರ್ಧ ಬಗ್ಗಿದವರು ಹಾಗೇ ನಿಂತರು. "ಏನಂಡೀ ಇದು? ಮನೆಗೆ ಕರೆದು ನಿಲ್ಲಿಸ್ತೀರಾ?"

ಮುರಳಿ ಬೆವೆತುಹೋದ. ಅಭ್ಯಾಸಬಲದಿಂದ ಖಾಲಿ ಕುರ್ಚಿಗೆ ಕೈಮುಗಿದು, "ಅಧ್ಯಕ್ಷಾ, ಬಂದಿರೋರಿಗೆ ಗೌರವ ಸದಸ್ಯರು..." ಎಂದು ಶುರುಮಾಡಿದ. ಕೊಂಡಪ್ಪ ಕುರ್ಚಿಯನ್ನು ನೋಡಿದರು, ಕೈಮುಗಿದವನನ್ನು ನೋಡಿದರು, ಮೆಲ್ಲಗೆ ಚಪ್ಪಲಿಯ ಕಡೆ ಹೊರಟರು. ಹುಡುಗಿಯ ಮದುವೆ ಹೋಯಿತು ಎಂದುಕೊಂಡೆ.

"ಅಣ್ಣಾ, ನೆಟ್ಟಗೆ ಹೇಳು!" ಆನಂದ ಸಿಡಿದ. "ಅಮ್ಮನ ಕುರ್ಚಿ ಅನ್ನು!"

"ನೀನೇ ಹೇಳ್ಲಾ! ನಂಗೆ ನಾಲಿಗೆ ಹೊರಳ್ತಿಲ್ಲ!"

"ಮೊದ್ಲು ಆ ಕೈ ಇಳಿಸು!"

"ನೀನು ಮೊದ್ಲು ಚಾಪೆ ಹಾಸ್ಲಾ, ಹೋಯ್ತಾ ಅವ್ರೆ!"

ಕೊಂಡಪ್ಪ ಹೊಸ್ತಿಲಲ್ಲೇ ತಿರುಗಿದರು. "ಮಾತಾಡಾಕಿಲ್ಲ ಅಂದೋರು ಯಾರಂಡಿ? ಇವ್ರ ಬಾಯಿ ಮುಚ್ಚಿಸೋರು ಬೇಕು ಇಲ್ಲಿ!" ಎಂದು ನಗುತ್ತಾ ಬಂದು, ಇನ್ನೂ ಪೂರ್ತಿ ಬಿಡಿಸದ ಚಾಪೆಯ ಮೇಲೆ ಕೂತರು.

ಸರಸ್ವತಮ್ಮ ನನ್ನ ಮುಂಗೈ ಹಿಡಿದುಕೊಂಡರು. ಕಣ್ಣೀರು ಕಿವಿಗಿಳಿಯುತ್ತಿತ್ತು. "ಕೇಳಿಸ್ತಾ?" ಎಂದರು. ನಾನೂ ಅತ್ತೆ.

ಆಮೇಲೆ ಆಕೆ ಗೋಡೆ ಹಿಡಿದು, ನಾನು ಬೇಡವೆಂದರೂ ಕೇಳದೆ, ಆ ಮಂಡಿಗಳ ಮೇಲೆ ನೆಟ್ಟಗೆ ಎದ್ದು ನಿಂತರು. ಮಕ್ಕಳು ಕಂಡವರೇ ಇದ್ದಲ್ಲೇ ದೊಪ್ಪನೆ ಕೂತರು.

"ಒಬ್ರಿಗೊಬ್ರು ಏನ್ರೋ ಮಾತು?" ಆಕೆಯ ದನಿ ನಡುಗುತ್ತಿತ್ತು. "ಅಧ್ಯಕ್ಷರ ಕಡೆ ತಿರುಗಿ ಮಾತಾಡ್ರೋ!"