ಸಾರಿಸಿದ ನೆಲ

ಕಾಡಿನ ನೆಲಕ್ಕೆ ಸಗಣಿ ಸಾರಿಸುವವರನ್ನು ನಾನು ಮೊದಲು ಕಂಡದ್ದು ದಾಂಡೇಲಿಯ ಕಾಗದದ ಗಿರಣಿಗೆ ಕೆಮಿಸ್ಟನಾಗಿ ಬಂದ ವರ್ಷ. ಹೂ ಬಿಟ್ಟು ಒಣಗುತ್ತಿದ್ದ ಬಿದಿರ ಮೆಳೆಗಳ ಕೆಳಗೆ ಹೆಂಗಸರು ಗುಡಿಸಿ, ಸಾರಿಸಿ, ಅಂಗಳ ಮಾಡಿದ್ದರು. ಯಾವುದೋ ದೇವರಿಗೆ ಎಂದುಕೊಂಡೆ. ದೇವರಿಗಲ್ಲ, ಊಟಕ್ಕೆ. ಮೆಳೆಯಿಂದ ಗೋಧಿಯಂಥ ಕಾಳು ಉದುರುತ್ತದೆ, ಬಿದಿರಕ್ಕಿ ಎನ್ನುತ್ತಾರೆ. ಯಾರು ನೆಲ ಸಾರಿಸಿದರೋ ಕಾಳು ಅವರದು.

ನಮ್ಮ ಧಾರವಾಡದ ಕಡೆ ಬಿದ್ದ ತೆನೆಗೆ ಒಡೆಯನಿಲ್ಲ. ರಾಶಿಯಾದ ಮೇಲೆ ಹಕ್ಕಲು ಆಯಲು ಯಾರು ಬಂದರೂ ಬೇಡವೆನ್ನುವಂತಿಲ್ಲ.

ಆ ವರ್ಷ ಎರಡೂ ಕಡೆ ಮಳೆ ಕೈಕೊಟ್ಟಿತು. ಇಲ್ಲಿ ಭತ್ತ ಜೊಳ್ಳಾಯಿತು. ಗಿರಣಿಯವರಿದ್ದ ನಮ್ಮ ಚಾಳಿಗೆ ಊರಿಂದ ಬರುತ್ತಿದ್ದ ಜೋಳ ನಿಂತಿತು. ರೇಷನ್ ಅಂಗಡಿಯವನು ಖಾಲಿ ಚೀಲ ಝಾಡಿಸಿ ತೋರಿಸುತ್ತಿದ್ದ. ಪಕ್ಕದ ಮನೆಯ ನೀಲವ್ವ, ಗಿರಣಿಯಲ್ಲಿ ಬಿದಿರು ಇಳಿಸುವ ಬಸಪ್ಪನ ಹೆಂಡತಿ, ಬುಟ್ಟಿ ಎತ್ತಿಕೊಂಡಳು.

"ಗಿರಣಿ ಬಿದಿರಿನಾಗ ಕಾಗದ ಮಾಡ್ತೈತಿ, ನಾವು ಗಂಜಿ ಮಾಡೂಣು. ಬರ್ರಿ ಸಾಹೇಬ್ರ, ಕಲಿತವರಿಗೂ ಹೊಟ್ಟಿ ಐತಿ."

ಬಸಪ್ಪನೂ ನಾನೂ ಜೊತೆಗೆ ಹೋದೆವು. ಮೌಳಂಗಿ ಎಂಬ ಹಳ್ಳಿಯ ಆಚೆ, ಯಾರೋ ಸಾರಿಸಿಟ್ಟ ನೆಲದ ಮೇಲೆ ಅವಳು ಕೂತು ಆಯತೊಡಗಿದಳು. ಆ ನೆಲ ಸಾರಿಸಿದ್ದ ಮನೆಯ ಪಾಂಡು ಬಡಿಗೆ ಹಿಡಿದು ಬಂದ.

"ಅಕ್ಕಾ, ಬುಟ್ಟಿ ಇಳಸ. ಸಾರಿಸಿದ್ದು ಕಾಣೂದಿಲ್ಲೇನ?"

"ಬಿದ್ದದ್ದಕ್ಕ ಯಾರ ಹೆಸರೋ ಅಣ್ಣಾ? ಹಕ್ಕಲ ಇದು."

"ನನ್ನ ಮಕ್ಕಳ ಹೊಟ್ಟಿ ಇದು."

"ನಮ್ಮವೇನು ಕಲ್ಲ ತಿಂತಾವೇನಲೇ?" ಎಂದು ಬಸಪ್ಪ ನಡುವೆ ನುಗ್ಗಿದ.

ನೂಕಾಟದಲ್ಲಿ ಬಡಿಗೆ ಬಸಪ್ಪನ ತಲೆಗೆ ಬಿತ್ತು. ಅವನು ಮತ್ತೆ ಏಳಲಿಲ್ಲ. ಪಾಂಡು ಜೈಲಿಗೆ ಹೋದ.

ಮೊದಲು ನೂಕಿದವನು ಬಸಪ್ಪನೇ? ಹೌದೆಂದು ನೆನಪು, ಆದರೆ ಚಾಳಿನಲ್ಲಿ ಕೂತು ನೆನೆದರೆ ಪಾಂಡು ನೂಕುತ್ತಾನೆ, ಕಾಡಿನಲ್ಲಿ ನಡೆಯುವಾಗ ಬಸಪ್ಪ. ಮಳೆಯೇ ಕೊಂದಿತೆನ್ನಲು ನನ್ನ ಓದು ಒಪ್ಪುವುದಿಲ್ಲ. ಆದರೆ ಹಿಂದಿನ ವರ್ಷ, ಮಳೆ ಚೆನ್ನಾಗಿದ್ದಾಗಲೂ, ಕೆಲವು ಮೆಳೆ ಕಾಳು ಬಿಟ್ಟಿದ್ದವಂತೆ. ಆಗ ಅದನ್ನು ಕೋಳಿಗೆ ಹಾಕಿದ್ದರಂತೆ.

ನೀಲವ್ವ ನವಲಗುಂದದ ಕಡೆಯ ತವರಿಗೆ ಮರಳಿದಳು. ಮರುವರ್ಷ ಊರಿಗೆ ಹೋದಾಗ ಅವಳನ್ನು ನೋಡಿಬಂದೆ. ಜೋಳ ಹಸನು ಮಾಡುತ್ತಿದ್ದಳು. ಮೊರ ಆಡಿಸುತ್ತಲೇ ಕೇಳಿದಳು.

"ಆ ಪಾಂಡೂನ ಮಕ್ಕಳು ಏನ್ ಉಣ್ತಾವ್ರಿ ಈಗ?"

"ಈ ಸಲ ನಮ್ಮಲ್ಲಿ ಭತ್ತ ಬಂದೈತಿ, ನೀಲವ್ವ."

ಮೊರ ನಿಂತಿತು. "ನಮ್ಮಲ್ಲಿ ಅಂದ್ರ ಎಲ್ಲಿರೀ, ಸಾಹೇಬ್ರ?"

ಊರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಯಾವ ಊರಿನದೆಂದು ಹೇಳಲಿಲ್ಲ.